ಭತ್ತದೊಳಗಿನ ಕತ್ತರಿ

1966ರಲ್ಲಿ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-8 ತಳಿಯನ್ನು ಬಿಡುಗಡೆ ಮಾಡಿತು. ಗೊಬ್ಬರ ಹೆಚ್ಚಾದರೆ ಹಳೆಯ ತಳಿಗಳು ಉದ್ದಕ್ಕೆ ಬೆಳೆದು, ತೆನೆಯ ಭಾರಕ್ಕೆ ನೆಲಕ್ಕೊರಗುತ್ತಿದ್ದವು. ಈ ಗಿಡ್ಡ ಪೈರು ಮಾತ್ರ ನೆಟ್ಟಗೆ ನಿಂತಿತು. ಏಷ್ಯಾದ ಕೋಟ್ಯಂತರ ಮನೆಗಳಿಗೆ ಅನ್ನ ಕೊಟ್ಟ ಆ ಗಿಡ್ಡತನದ ಮೂಲ ಎಸ್‌ಡಿ1 ಎಂಬ ಜೀನಿನಲ್ಲಿದೆ ಎಂದು 2002ರಲ್ಲಿ ಖಚಿತವಾಯಿತು.

ಭತ್ತದ ಕಾಂಡವನ್ನು ಉದ್ದ ಮಾಡುವ ಹಾರ್ಮೋನು ಜಿಬ್ಬರೆಲಿನ್. ಎಸ್‌ಎಲ್‌ಆರ್1 ಎಂಬ ಪ್ರೋಟೀನು ಬೆಳವಣಿಗೆಯನ್ನು ತಡೆದು ನಿಲ್ಲಿಸಿರುತ್ತದೆ. ಜಿಬ್ಬರೆಲಿನ್ ಬಂದು ಜಿಐಡಿ1 ಎಂಬ ಇನ್ನೊಂದು ಪ್ರೋಟೀನನ್ನು ಕೂಡಿಕೊಂಡರೆ ಆ ತಡೆಗಾರ ಪ್ರೋಟೀನು ನಾಶವಾಗುತ್ತದೆ, ಗೆಣ್ಣುಗಳ ನಡುವಿನ ಕಾಂಡ ಹಿಗ್ಗುತ್ತದೆ. ಜಿಬ್ಬರೆಲಿನ್ ತಯಾರಾಗಲು ಬೇಕಾದ ಕಿಣ್ವವೊಂದನ್ನು ಒದಗಿಸುವುದು ಎಸ್‌ಡಿ1.

ಆದರೆ ಜೀನಿನಲ್ಲಿ ಬರೆದದ್ದೆಲ್ಲ ಪ್ರೋಟೀನಾಗುವುದಿಲ್ಲ. ಜೀನಿನ ಆರ್‌ಎನ್‌ಎ ನಕಲು ತಯಾರಾಗುವಾಗ ಇಂಟ್ರಾನ್ ಎಂಬ ತುಣುಕುಗಳು ಕತ್ತರಿಸಿಹೋಗಿ, ಉಳಿದ ಎಕ್ಸಾನ್‌ಗಳು ಬೆಸೆದುಕೊಳ್ಳುತ್ತವೆ. ಇದೇ ಸ್ಪ್ಲೈಸಿಂಗ್. ಹೀಗೆ ಬೆಸೆದು ಸಿದ್ಧವಾದ ನಕಲೇ ಪ್ರೋಟೀನು ಕಟ್ಟಲು ಕೋಶ ಓದುವ ಸಂದೇಶ. ಜೀನುಗಳು ಹೀಗೆ ತುಂಡುತುಂಡಾಗಿವೆ ಎಂದು 1977ರಲ್ಲಿ ಕಂಡುಕೊಂಡ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಬಂತು.

ಐಆರ್-8ರ ಎಸ್‌ಡಿ1 ಜೀನಿನಲ್ಲಿ 383 ಡಿಎನ್‌ಎ ಅಕ್ಷರಗಳು ಬಿಟ್ಟುಹೋಗಿವೆ. ಅವುಗಳಲ್ಲಿ 105 ಇಂಟ್ರಾನ್‌ಗೆ ಸೇರಿದವು, ಹೇಗಿದ್ದರೂ ಕತ್ತರಿಗೆ ಬೀಳುವಂಥವು. ಸಂದೇಶಕ್ಕೆ ನಿಜವಾಗಿ ಆದ ನಷ್ಟ 278. ಕೋಶ ಓದುವುದು ಮೂರು ಮೂರು ಅಕ್ಷರಗಳಾಗಿ. 278 ಮೂರರಿಂದ ಭಾಗವಾಗದು. ಹೀಗಾಗಿ ಅಲ್ಲಿಂದಾಚೆ ಓದೇ ತಪ್ಪಿ, ಅಕಾಲದಲ್ಲಿ ‘ನಿಲ್ಲು’ ಎಂಬ ಸಂಕೇತ ಎದುರಾಗುತ್ತದೆ. ಕಿಣ್ವ ಪೂರ್ತಿಯಾಗದೆ ಜಿಬ್ಬರೆಲಿನ್ ತಗ್ಗಿ, ಪೈರು ಗಿಡ್ಡವಾಗುತ್ತದೆ. ಹೂವಿನ ಭಾಗಗಳಲ್ಲಿ ಇದೇ ಕೆಲಸಕ್ಕೆ ಇನ್ನೊಂದು ಜೀನ್ ಇರುವುದರಿಂದ ಕಾಳು ಕಟ್ಟುವುದಕ್ಕೆ ತೊಂದರೆಯಿಲ್ಲ.

ಕತ್ತರಿ ಬೀಳುವ ಜಾಗ ಕಾಲಕ್ಕೆ ತಕ್ಕಂತೆ ಬದಲಾಗುವುದೂ ಉಂಟು. ಡ್ರೆಬ್2ಬಿ ಎಂಬ ಭತ್ತದ ಜೀನಿನ ಸಂದೇಶದಲ್ಲಿ ಸಾಮಾನ್ಯ ದಿನಗಳಲ್ಲಿ ಹೆಚ್ಚುವರಿ ತುಣುಕೊಂದು ಉಳಿದು, ಪ್ರೋಟೀನು ನಿರುಪಯೋಗಿಯಾಗುತ್ತದೆ. ಬರವೋ ಬಿರುಬಿಸಿಲೋ ತಟ್ಟಿದಾಗ ಆ ತುಣುಕು ಹೊರಬಿದ್ದು, ಪೈರನ್ನು ಕಾಯುವ ಪ್ರೋಟೀನು ಸಿದ್ಧವಾಗುತ್ತದೆ.

2025ರ ಮೇ ತಿಂಗಳಲ್ಲಿ ಘೋಷಣೆಯಾದ, ಹೈದರಾಬಾದಿನ ಭಾರತೀಯ ಭತ್ತ ಸಂಶೋಧನಾ ಸಂಸ್ಥೆಯ ‘ಕಮಲಾ’ ತಳಿಯ ಗುಟ್ಟೂ ಹಾರ್ಮೋನೇ. ತುಂಗಭದ್ರಾ ಅಚ್ಚುಕಟ್ಟಿನಲ್ಲೂ ಬೆಳೆಯುವ ಸಾಂಬಾ ಮಸೂರಿಯಲ್ಲಿ, ಸೈಟೊಕೈನಿನ್ ಹಾರ್ಮೋನನ್ನು ಒಡೆಯುವ ಕಿಣ್ವದ ಜೀನನ್ನು ತಿದ್ದಿ ತೆನೆಯ ಕಾಳು ಹೆಚ್ಚಿಸಿದ್ದಾರೆ. ಮುಂದಿನ ತಳಿಗಳಿಗೆ ಇಷ್ಟು ಸಾಲದು. ಜೀನ್ ಇದೆಯೋ ಇಲ್ಲವೋ ಎಂಬುದರ ಜೊತೆಗೆ, ಗದ್ದೆಯ ಬಿಸಿಲು–ಬರದಲ್ಲಿ ಅದರ ಸಂದೇಶಕ್ಕೆ ಎಲ್ಲಿ ಕತ್ತರಿ ಬೀಳುತ್ತದೆ ಎಂಬುದನ್ನೂ ತಳಿ ತಜ್ಞರು ಪರೀಕ್ಷಿಸಲೇಬೇಕು. ಮಳೆ ಕೈಕೊಟ್ಟ ವರ್ಷ ರೈತನ ಕೈ ಹಿಡಿಯುವ ಭತ್ತ ಸಿಗುವುದು ಆಗಲೇ.