ಕುಲಾವಿ ಆಮೇಲಾಗಲಿ, ಕೋಣೆ ಮೊದಲಾಗಲಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬುದು ನಮ್ಮ ಹಿರಿಯರ ಮಾತು. ಹೆರಿಗೆ ಸುಸೂತ್ರವಾಗಿ ಮುಗಿಯುವ ತನಕ ಬಟ್ಟೆ ಕೊಳ್ಳಬಾರದು, ತೊಟ್ಟಿಲನ್ನು ಮನೆಯೊಳಗೆ ತರಬಾರದು ಎಂಬ ಅಳುಕು ಇಂದಿಗೂ ಅನೇಕ ಕನ್ನಡ ಕುಟುಂಬಗಳಲ್ಲಿ ಉಂಟು. ಹುಟ್ಟಿದ ಶಿಶುಗಳೆಲ್ಲ ಉಳಿಯುವ ಭರವಸೆಯಿಲ್ಲದಿದ್ದ ಕಾಲವನ್ನು ಕಂಡವರ ಈ ಅಳುಕನ್ನು ನಾವು ಹಾಸ್ಯ ಮಾಡಬೇಕಾಗಿಲ್ಲ. ಆದರೆ ಇದರಿಂದ ಒಂದು ಅನರ್ಥ ಸಂಭವಿಸುತ್ತದೆ. ತಾಯಿ ಆಸ್ಪತ್ರೆಯಲ್ಲಿರುವಾಗ ಮನೆಯವರು ಗಡಿಬಿಡಿಯಿಂದ ಗೋಡೆ ಕೆರೆಸಿ, ನಾಮಕರಣದೊಳಗೆ ಬಣ್ಣ ಹೊಡೆಸುತ್ತಾರೆ. ಆ ಹಸಿ ಬಣ್ಣದ ವಾಸನೆಯಲ್ಲಿ ಕೂಸು ತನ್ನ ಮೊದಲ ದಿನಗಳನ್ನು ಕಳೆಯಬೇಕಾಗುತ್ತದೆ. ಕುಲಾವಿ ತಡವಾದರೆ ಬಾಧೆಯಿಲ್ಲ. ಕೋಣೆಯ ಸಿದ್ಧತೆ ಮಾತ್ರ ತಡವಾಗಬಾರದು.

ಗೋಡೆಯ ಬಣ್ಣ

ಬಣ್ಣ ಹೊಡೆಸುವುದಿದ್ದರೆ ಹೆರಿಗೆಗೆ ಕೆಲವು ವಾರಗಳ ಮೊದಲೇ ಮುಗಿಸಿ, ಕಿಟಕಿಗಳನ್ನು ತೆರೆದಿಟ್ಟು ವಾಸನೆ ಹೋಗಲು ಅವಕಾಶ ಕೊಡಬೇಕು. ಮಹಾನಗರದ ಹಳೆಯ ಚಾಳುಗಳಲ್ಲಿ ಗೋಡೆಯ ಮೇಲೆ ಹಲವು ತಲೆಮಾರುಗಳ ಬಣ್ಣ ಪದರ ಪದರವಾಗಿ ಕುಳಿತಿರುತ್ತದೆ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಬೆರೆತಿರುವ ಸಂಭವ ಹೆಚ್ಚು. ಸೀಸವು ಮಗುವಿನ ಮಿದುಳಿನ ಬೆಳವಣಿಗೆಗೆ ಮಾರಕ. ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಅದಕ್ಕೆ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾರತ ಸರಕಾರ 2016ರಲ್ಲಿ ನಿಯಮ ಮಾಡಿ, 2017ರ ನವೆಂಬರಿನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗವನ್ನು ಮೀರಕೂಡದೆಂದು ವಿಧಿಸಿದೆ. ಆದಕಾರಣ ಡಬ್ಬಿಯ ಮೇಲಿನ ಬರಹವನ್ನು ಓದಿಯೇ ಬಣ್ಣ ಕೊಳ್ಳಬೇಕು. ಹಳೆಯ ಬಣ್ಣವನ್ನು ಒಣಗಿದಂತೆಯೇ ಕೆರೆದರೆ ಧೂಳೆದ್ದು ಮನೆಯೆಲ್ಲ ಹರಡುತ್ತದೆ. ಒದ್ದೆ ಮಾಡಿ ಕೆರೆಸಬೇಕು. ಗರ್ಭಿಣಿಯೂ ಚಿಕ್ಕಮಕ್ಕಳೂ ಆ ದಿನಗಳಲ್ಲಿ ಬೇರೆಡೆ ಇರುವುದು ಲೇಸು.

ಇನ್ನು ಯಾವ ಬಣ್ಣವೆಂಬ ಪ್ರಶ್ನೆ. ಗಂಡಿಗೆ ನೀಲಿ, ಹೆಣ್ಣಿಗೆ ಗುಲಾಬಿ ಎಂಬುದು ಅಂಗಡಿಕಾರರ ಶಾಸ್ತ್ರ. ವೈದ್ಯಶಾಸ್ತ್ರವನ್ನು ಕೇಳಿದರೆ ಬಿಳಿಯೇ ಉತ್ತಮ. ಅವಧಿ ತುಂಬಿ ಹುಟ್ಟಿದ ಶಿಶುಗಳಲ್ಲಿ ನೂರಕ್ಕೆ ಸುಮಾರು 60ಕ್ಕೆ ಮೊದಲ ವಾರದಲ್ಲಿ ಮೈ ಹಳದಿಯಾಗುತ್ತದೆ. ಬಹುಪಾಲು ಇದು ತಾನೇ ಇಳಿಯುವ ಕಾಮಾಲೆ. ಆದರೆ ಕೆಲವರಲ್ಲಿ ಅದು ಏರಿ ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. ಹಗಲ ಬೆಳಕಿನಲ್ಲಿ ಮೈಬಣ್ಣವನ್ನು ನೋಡುವುದೇ ಮನೆಯವರು ಮಾಡಬಹುದಾದ ಮೊದಲ ಪರೀಕ್ಷೆ. ಹಳದಿ ಗೋಡೆ, ಹಳದಿ ಪರದೆ, ಮಬ್ಬು ದೀಪಗಳಿರುವ ಕೋಣೆಯಲ್ಲಿ ಈ ಪರೀಕ್ಷೆ ತಪ್ಪುತ್ತದೆ. ಕತ್ತಲೆಯ ಬಾಣಂತಿ ಕೋಣೆಯಲ್ಲಂತೂ ಏನೂ ಕಾಣದು. ಹುಟ್ಟಿದ 24 ಗಂಟೆಗಳೊಳಗೆ ಹಳದಿ ಕಂಡರೆ, ಅಂಗೈ ಅಂಗಾಲುಗಳಿಗೆ ಹಳದಿ ಇಳಿದರೆ, ಅಥವಾ ಕೂಸು ಮಂಕಾಗಿ ಮೊಲೆಯುಣ್ಣದಿದ್ದರೆ, ಎಳೆ ಬಿಸಿಲಿಗೆ ಹಿಡಿಯುತ್ತ ಕುಳಿತುಕೊಳ್ಳದೆ ಆಸ್ಪತ್ರೆಗೆ ಒಯ್ಯಬೇಕು.

ಕಾಮಾಲೆಗೆ ಸಂಬಂಧಿಸಿದ ಇನ್ನೊಂದು ಎಚ್ಚರಿಕೆಯೂ ಉಂಟು. ಟ್ರಂಕಿನಲ್ಲಿ ಇಟ್ಟಿದ್ದ ಹಳೆಯ ಕುಲಾವಿ, ಕೌದಿಗಳನ್ನು ತೆಗೆದು ಹಾಗೆಯೇ ಕೂಸಿಗೆ ಹೊದಿಸಬಾರದು. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯೊಂದಿಗೆ ಹುಟ್ಟಿದ ಮಕ್ಕಳಲ್ಲಿ ನುಸಿಗುಳಿಗೆಯ ನಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆದು ತೀವ್ರ ಕಾಮಾಲೆಯನ್ನು ಉಂಟುಮಾಡುತ್ತದೆ. ಕೂಸಿನ ಕೋಣೆಯಲ್ಲಿ ನುಸಿಗುಳಿಗೆ ಇರಲೇಕೂಡದು.

ಗಾಳಿ ಮತ್ತು ಬೆಚ್ಚನೆ

ಊರಿನ ಹವೆಗೆ ತಕ್ಕಂತೆ ಕೋಣೆ ಇರಬೇಕು. ಮುಂಬಯಿಯಲ್ಲಿ ಮಳೆಗಾಲದ ತೇವ ಶತ್ರು. ಗೋಡೆಯಲ್ಲಿ ಬೂಷ್ಟು ಕಟ್ಟಿದರೆ ಅದರ ಮೇಲೆ ಬಣ್ಣ ಬಳಿದು ಪ್ರಯೋಜನವಿಲ್ಲ, ಮೊದಲು ಸೋರಿಕೆಯನ್ನು ನಿಲ್ಲಿಸಬೇಕು. ಅದೇ ಉದ್ಯೋಗ ನಿಮಿತ್ತ ನಾಸಿಕ ಜಿಲ್ಲೆಯ ಲಾಸಲಗಾಂವ್‌ನಂತಹ ಊರಿಗೆ ಹೋಗಿ ನೆಲೆಸಿದವರ ಚಿಂತೆ ಬೇರೆ. ಈರುಳ್ಳಿ ಪೇಟೆಗೆ ದೇಶದಲ್ಲೆಲ್ಲ ಹೆಸರಾದ ಈ ಊರು ಇರುವ ನಿಫಾಡ್ ತಾಲೂಕಿನಲ್ಲಿ ಚಳಿಗಾಲದ ಕೆಲವು ರಾತ್ರಿಗಳಲ್ಲಿ ಉಷ್ಣತೆ 5 ಡಿಗ್ರಿಗಿಂತಲೂ ಕೆಳಗಿಳಿಯುತ್ತದೆ. ಅಂತಹ ರಾತ್ರಿ ಕದ ಕಿಟಕಿಗಳನ್ನು ಭದ್ರಪಡಿಸಿ, ಬಾಣಂತಿಯ ಮಂಚದ ಕೆಳಗೆ ಇದ್ದಲಿನ ಶೇಗಡಿ ಇಡುವ ಮನಸ್ಸಾಗುವುದು ಸಹಜ. ಆದರೆ ಇದ್ದಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ನಿದ್ರೆಯಲ್ಲಿಯೇ ಪ್ರಾಣ ತೆಗೆಯುತ್ತದೆ. ಲೋಬಾನದ ಹೊಗೆಯೂ ಎಳೆಯ ಶ್ವಾಸಕೋಶಕ್ಕೆ ಹಿತವಲ್ಲ. ತಾಯಿಯ ಎದೆಗೆ ಮೈ ತಾಗುವಂತೆ ಕೂಸನ್ನು ಇಟ್ಟುಕೊಂಡು ಮೇಲೆ ಹೊದ್ದುಕೊಳ್ಳುವುದು ಎಲ್ಲಕ್ಕಿಂತ ಸುರಕ್ಷಿತವಾದ ಕಾವು. ಆಗ ತಾಯಿ ಎಚ್ಚರವಾಗಿರಬೇಕು, ಕೂಸಿನ ಮುಖ ತೆರೆದಿರಬೇಕು.

ಆ ಸೀಮೆಯ ರೈತರು ಈರುಳ್ಳಿ ಕೊಳೆಯದಿರಲೆಂದು ನೆಲದಿಂದ ಎತ್ತರಿಸಿ, ಸಂದುಬಿಟ್ಟ ಗೋಡೆಗಳಿಂದ ಗಾಳಿ ಹಾಯುವಂತೆ ‘ಕಾಂದಾ ಚಾಳ್’ ಕಟ್ಟುತ್ತಾರೆ. ಈರುಳ್ಳಿಗೆ ಸಲ್ಲುವ ಈ ವಿವೇಕ ಬಾಣಂತಿ ಕೋಣೆಗೂ ಸಲ್ಲಬೇಡವೆ? ಗಾಳಿ ನೇರವಾಗಿ ಬಡಿಯದಿರಲಿ, ಆದರೆ ಆಡುತ್ತಿರಲಿ.

ತೊಟ್ಟಿಲು

ಕೂಸಿನ ಅಲಂಕಾರದ ಮಾತು ಬಂದಾಗ ಧಾರವಾಡ ಜಿಲ್ಲೆಯ ಕಲಘಟಗಿಯನ್ನು ನೆನೆಯದಿರುವುದು ಹೇಗೆ? ಅಲ್ಲಿಯ ಚಿತ್ರಗಾರ ಕುಟುಂಬಗಳು ಸಾಗುವಾನಿಯಲ್ಲಿ ತೊಟ್ಟಿಲು ಮಾಡಿ, ಅರಗಿನ ಬಣ್ಣದಲ್ಲಿ ಕೃಷ್ಣಲೀಲೆ, ರಾಮಾಯಣದ ಚಿತ್ರಗಳನ್ನು ಬರೆಯುತ್ತಾರೆ. ಒಂದೇ ತೊಟ್ಟಿಲು ತಲೆಮಾರುಗಳವರೆಗೆ ನಂಟರ ಮನೆಗಳಲ್ಲಿ ಕೈಯಿಂದ ಕೈಗೆ ಹೋಗುವುದುಂಟು. ಇದರ ರಚನೆಯನ್ನು ಗಮನಿಸಬೇಕು: ಚಿತ್ತಾರವೆಲ್ಲ ಹಲಗೆಯ ಮೇಲೆ, ಕೂಸು ಮಲಗುವ ತಳ ಸಮತಟ್ಟು. ಸೀರೆಯ ಜೋಲಿಯಲ್ಲಾದರೋ ಬೆನ್ನು ಬಾಗಿ, ಗದ್ದ ಎದೆಗೆ ಒತ್ತಿ ಉಸಿರಾಟಕ್ಕೆ ತೊಡಕಾಗಬಹುದು. ಅಜ್ಜಿಯ ಕಾಲದ ತೊಟ್ಟಿಲು ಮಾಸಿದೆಯೆಂದು ಸಿಕ್ಕಿದ ಎನಾಮಲ್ ಬಳಿಯದಿರಿ. ಒರೆಸಿ, ಸರಪಳಿ ಮತ್ತು ಕೊಂಡಿಗಳ ಭದ್ರತೆಯನ್ನು ಪರೀಕ್ಷಿಸಿದರೆ ಸಾಕು.

ತೊಟ್ಟಿಲೊಳಗೆ ಗಟ್ಟಿ ಹಾಸಿಗೆ, ಬಿಗಿಯಾದ ಹಾಸುಬಟ್ಟೆ, ಅಂಗಾತ ಮಲಗಿದ ಕೂಸು: ಇಷ್ಟೇ ಇರಬೇಕು. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಮೆತ್ತನೆಯ ಗೊಂಬೆ, ದಪ್ಪ ರಗ್ಗು ಯಾವುದೂ ಬೇಡ. ಪಾಶ್ಚಾತ್ಯ ದೇಶಗಳಲ್ಲಿ ಹಿಂದೆ ಕೂಸನ್ನು ಬೋರಲು ಮಲಗಿಸುವ ಪದ್ಧತಿ ಹಬ್ಬಿತ್ತು. ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸಲು ಪ್ರಚಾರ ನಡೆದ ಮೇಲೆ ನಿದ್ರೆಯಲ್ಲಿ ಹಠಾತ್ತಾಗಿ ಸಾಯುವ ಶಿಶುಗಳ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು.

ಕೂಸು ನೋಡುವುದೇನು?

ನವಜಾತ ಶಿಶುವಿಗೆ ಸ್ಪಷ್ಟವಾಗಿ ಕಾಣುವುದು 20ರಿಂದ 30 ಸೆಂಟಿಮೀಟರ್ ದೂರ ಮಾತ್ರ. ಮೊಲೆಯುಣ್ಣುವಾಗ ತಾಯಿಯ ಮುಖವಿರುವುದು ಸರಿಯಾಗಿ ಅಷ್ಟೇ ದೂರದಲ್ಲಿ! ದೂರದ ಗೋಡೆಯ ಮೇಲಿನ ಆನೆ, ನವಿಲುಗಳು ದೊಡ್ಡವರ ಸಂತೋಷಕ್ಕೆ. ಚನ್ನಪಟ್ಟಣದ ಗಿಲಕಿಯನ್ನು ಅವಶ್ಯ ತನ್ನಿರಿ; ಆದರೆ ಕೈಯಲ್ಲಿ ಹಿಡಿದು ಆಡಿಸಿ, ಕೂಸು ಮಲಗಿದಾಗ ತೆಗೆದಿಡಿ. ತೊಟ್ಟಿಲಿಗೆ ಕಟ್ಟಿದ ದಾರ ಕೂಸಿನ ಕೈಗೆ ಎಟುಕಕೂಡದು.

ಎರಡು ಕೋಣೆಗಳ ಮನೆಯಲ್ಲಿ ಕೂಸಿಗೊಂದು ಪ್ರತ್ಯೇಕ ಕೋಣೆ ಎಲ್ಲಿಂದ ತರುವುದೆಂದು ಕೊರಗುವ ತಂದೆತಾಯಿಗಳಿಗೆ ಕೊನೆಯದಾಗಿ ಒಂದು ಸಮಾಧಾನ. ಕನಿಷ್ಠ ಮೊದಲ ಆರು ತಿಂಗಳು ಕೂಸು ತಂದೆತಾಯಿಗಳ ಕೋಣೆಯಲ್ಲಿಯೇ, ಅವರ ಹಾಸಿಗೆಯ ಪಕ್ಕದಲ್ಲಿ ತನ್ನದೇ ಹಾಸಿಗೆಯಲ್ಲಿ ಮಲಗಬೇಕೆಂಬುದೇ ಇಂದಿನ ಶಿಶುವೈದ್ಯರ ಸಲಹೆ. ಬೇಕಾದದ್ದು ಒಂದು ಮೂಲೆ. ಅದಕ್ಕೆ ಸುಣ್ಣ, ಬೆಳಕು, ಗಾಳಿಗಳ ಏರ್ಪಾಟನ್ನು ಏಳನೆಯ ತಿಂಗಳಿನಲ್ಲಿಯೇ ಮಾಡಿಕೊಳ್ಳಿರಿ. ಕುಲಾವಿಯನ್ನು ಸೋದರತ್ತೆ ಬಂದು ತೊಡಿಸಲಿ.