ಚಾಪೆ ಎಂಬ ಮಾತು

ಮೊನ್ನೆ ಮಕ್ಕಳ ರಜೆಯಲ್ಲಿ ಧಾರವಾಡದ ಕಡೆಯಿಂದ ನಮ್ಮ ತಾಯಿಯವರು ಅಂಧೇರಿಯ ಮನೆಗೆ ಬಂದರು. ರಾತ್ರಿಯಿಡೀ ರೈಲಿನಲ್ಲಿ ಕುಳಿತು ಬಂದ ದಣಿವು. ಗಂಟು ಇಳಿಸಿದವರೇ ಎಂಟು ವರುಷದ ಮೊಮ್ಮಗಳಿಗೆ ನೆಲ ತೋರಿಸಿ, “ಚಾಪಿ, ಅವ್ವಾ, ಚಾಪಿ” ಎಂದರು. ಹುಡುಗಿ ಥಟ್ಟನೆ, “ನನಗೆ ಬೇಡ ಅಜ್ಜಿ, ಈಗಷ್ಟೇ ಹಾಲು ಕುಡಿದೆ” ಎಂದಳು! ಹಗಲೆಲ್ಲ ಮರಾಠಿ ಹಿಂದಿಗಳನ್ನೇ ಕೇಳುವ ಆ ಕಿವಿಗೆ ‘ಚಾಪಿ’ ಎಂಬುದು ‘ಚಾ ಪೀ’, ಅಂದರೆ ‘ಚಹಾ ಕುಡಿ’ ಎಂದು ಕೇಳಿಸಿತ್ತು. ಮನೆಮಂದಿಯೆಲ್ಲ ಹೊಟ್ಟೆ ತುಂಬ ನಕ್ಕೆವು; ತಾಯಿಯವರೂ ನಕ್ಕರು. ಆದರೆ ಮರುದಿನ ಮಧ್ಯಾಹ್ನ ಅವರೇ, “ಚಟಾಈ ತಾರವ್ವಾ” ಎಂದುದನ್ನು ಕೇಳಿ ನನ್ನ ನಗೆ ಅಡಗಿತು. ಅರವತ್ತು ವರುಷ ಆಡಿದ ಮಾತನ್ನು ಮೊಮ್ಮಗಳಿಗಾಗಿ ಅವರು ಒಂದೇ ರಾತ್ರಿಯಲ್ಲಿ ಬಿಟ್ಟುಕೊಟ್ಟಿದ್ದರು.

ಹಾಗೆ ಬಿಟ್ಟುಕೊಡುವಷ್ಟು ಹಗುರವಾದ ಮಾತೇ ಇದು?

ನಮ್ಮದೊಂದೇ ಮನೆಯಲ್ಲಿ ಇದಕ್ಕೆ ಮೂರು ಹೆಸರು. ನಮಗೆ ಚಾಪೆ, ಉಡುಪಿಯ ಕಡೆಯವಳಾದ ನನ್ನ ಹೆಂಡತಿಗೆ ತುಳುವಿನ ‘ಪಜೆ’, ಮಗಳಿಗೆ ‘ಚಟಾಈ’. ಹೆಸರಿನಂತೆ ವಸ್ತುವೂ ಬೇರೆ ಬೇರೆ. ಬಯಲುಸೀಮೆಯಲ್ಲಿ ಈಚಲ ಗರಿಯದು, ಕೆರೆಯ ಬದಿಯಲ್ಲಿ ಜೊಂಡಿನದು, ಕರಾವಳಿಯಲ್ಲಿ ಮುಂಡುಗದ ಓಲೆಯದು. ಮುಂಡುಗದ ಎಲೆಯ ಅಂಚಿಗೂ ನಡುವಿನ ನರಕ್ಕೂ ಮುಳ್ಳು. ಆ ಮುಳ್ಳು ತೆಗೆದು, ಒಣಗಿಸಿ, ಸೀಳಿ ಹೆಣೆದರೆ ಮೈಗೆ ಹಿತವಾದ ಚಾಪೆ! ಮದುವೆ ಮುಂಜಿಗಳಿಗೆ ಮಾತ್ರ ಜಮಖಾನ ಬೇಕು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಮಗ್ಗದ ಮುಂದೆ ಕುಳಿತು, ನಡುವೆ ಪಗಡೆಯ ಪಟ, ಸುತ್ತ ನವಿಲು ಮೂಡಿಸಿ ನೇಯುವ ಜಮಖಾನಕ್ಕೆ ಈಗ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಚಾಪೆಯನ್ನು ನಾವು ‘ಹಾಸು’ತ್ತೇವೆ. ಹಳಗನ್ನಡದಲ್ಲಿ ಇದು ‘ಪಾಸು’. ಪಾಲು ಹಾಲಾದಂತೆ, ಪಾವು ಹಾವಾದಂತೆ, ಪಾಸು ಹಾಸಾಯಿತು. ಹಾಸಿಗೆ, ಹಾಸುಗಲ್ಲುಗಳು ಇದರ ಮಕ್ಕಳು. ನೇಕಾರನ ಉದ್ದೆಳೆಯೂ ಹಾಸೇ, ಅಡ್ಡೆಳೆ ಹೊಕ್ಕು. ಅದಕ್ಕೇ ಬಿಡಿಸಲಾರದಂತೆ ಬೆರೆತುದನ್ನು ಹಾಸುಹೊಕ್ಕು ಎನ್ನುವುದು. ಕಾಯಿಲೆಯವನು ಹಾಸಿಗೆ ಹಿಡಿಯುತ್ತಾನೆ. ಸಂಬಳ ಎಣಿಸುವ ನನ್ನಂಥ ಗುಮಾಸ್ತ ಹಾಸಿಗೆಯಿದ್ದಷ್ಟು ಕಾಲು ಚಾಚುತ್ತಾನೆ. ಒಬ್ಬ ಚಾಪೆಯ ಕೆಳಗೆ ತೂರಿದರೆ ಇನ್ನೊಬ್ಬ ರಂಗೋಲಿಯ ಕೆಳಗೆ ತೂರುತ್ತಾನೆಂಬ ಗಾದೆಯ ಅರ್ಥ ತಿಳಿಯಬೇಕಾದರೆ ಯಾವುದಾದರೊಂದು ಕಚೇರಿಯಲ್ಲಿ ಒಂದು ವರುಷ ಕುಳಿತರೆ ಸಾಕು! ಚಾಪೆಯೆಂಬ ಮಾತೇ ತಿಳಿಯದ ಮಗುವಿಗೆ ಈ ಗಾದೆಯ ನಗೆ ದಕ್ಕುವುದೆಂತು?

ಮುಂಬಯಿಯ ಕನ್ನಡಿಗರ ಮೇಲಂತೂ ಚಾಪೆಯ ಋಣ ದೊಡ್ಡದು. ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಮರಳಿ ಹೋಟೆಲಿನ ಮೇಜುಗಳ ನಡುವೆ ಚಾಪೆ ಬಿಡಿಸಿ ಮಲಗಿದ ಹಿರಿಯರು ನಮ್ಮಲ್ಲಿ ಅದೆಷ್ಟು ಮಂದಿ! ನಾನು ಬಿ.ಎ. ಮುಗಿಸಿ ಬಂದಾಗ ಸೋದರಮಾವನವರ ಒಂದೇ ಖೋಲಿಯಲ್ಲಿ ಐದು ಜನ. ಬಾಗಿಲ ಬದಿಗೆ ಚಾಪೆಯಗಲದ ಜಾಗ ಉಳಿದಿತ್ತು, ಅದೇ ನನ್ನದಾಯಿತು. ಬೆಳಗಾಗುತ್ತಲೇ ಸುತ್ತಿ ಮೂಲೆಗೆ ನಿಲ್ಲಿಸಿದರೆ ಮಲಗುವ ಮನೆಯೇ ಊಟದ ಮನೆ. ಮಂಚಕ್ಕೆ ಈ ಉದಾರತೆ ಎಲ್ಲಿಂದ ಬರಬೇಕು?

ಆ ಸಂಜೆ ಮಂಚದ ಹಿಂದಿದ್ದ ಚಾಪೆಯನ್ನು ಹೊರತೆಗೆದು ಹಾಸಿದೆ. ಅಜ್ಜಿ ಗಾದೆ ಹೇಳಿದರು. ಮೊಮ್ಮಗಳು ಅಂಚನ್ನೆತ್ತಿ ಚಾಪೆಯ ಕೆಳಗೆ ತೂರಿಯೇ ನೋಡಿದಳು. ರಂಗೋಲಿಯ ಕೆಳಗೆ ತೂರುವುದು ಹೇಗೆಂದು ಕೇಳಿದಳು. ನಗುತ್ತ ನಗುತ್ತ ಮಾತು ಅವಳದಾಯಿತು.

ತಾಯಿಯವರು ಊರಿಗೆ ಮರಳಿದ ವಾರಕ್ಕೆ ಫೋನಿನಲ್ಲಿ ಮಗಳ ದನಿ ಕೇಳಿಸಿತು: “ಅಜ್ಜಿ, ಚಾಪಿ ಹಾಸಿಟ್ಟೀನಿ. ಯಾವಾಗ ಬರತೀ?” ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರವೇ ಬರಲಿಲ್ಲ.

ವಾಚಕ ಬಂಧುಗಳೇ, ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತೀರಿ? ಏನೇ ಎನ್ನಿ, ಊರಿನಿಂದ ಹಿರಿಯರು ಬಂದಾಗ ಅವರ ಮಾತಿನಲ್ಲೇ ಹಾಸಿಕೊಡಿ.