ವಿಭಾಗದ ಕೊಂಡಿಗೆ ಲುವಾ ಮಾಡ್ಯೂಲ್

ವಿಕಿಪೀಡಿಯದ ಒಂದು ಲೇಖನದಿಂದ ಇನ್ನೊಂದು ಲೇಖನದ ನಡುವಿನ ವಿಭಾಗಕ್ಕೇ ನೇರವಾಗಿ ಕೊಂಡಿ ಹಾಕಬಹುದು. ಕಳಸದ ಬಳಿಯ ಸಂಸೆಯ ಬಗ್ಗೆ ಬರೆಯುವವರು ಪಕ್ಕದ ಕುದುರೆಮುಖದಲ್ಲಿ ಅದಿರಿನ ಗಣಿ 2005ರ ಕೊನೆಗೆ ನಿಂತ ವಿಷಯ ಎತ್ತಿದರು ಎನ್ನೋಣ. ಓದುಗರನ್ನು ‘ಕುದುರೆಮುಖ’ ಲೇಖನದ ‘ಗಣಿಗಾರಿಕೆ’ ವಿಭಾಗಕ್ಕೆ ಕಳಿಸಲು [[ಕುದುರೆಮುಖ#ಗಣಿಗಾರಿಕೆ]] ಎಂದು ಬರೆದರೆ ಕೆಲಸವೇನೋ ಆಗುತ್ತದೆ. ಆದರೆ ನಡುವಿನ ಹ್ಯಾಶ್ ಗುರುತು ಪುಟದಲ್ಲೂ ಹಾಗೇ ಉಳಿಯುತ್ತದೆ. ಅದನ್ನು ಮರೆಮಾಡಲು ಒಬ್ಬೊಬ್ಬರು ಒಂದೊಂದು ದಾರಿ ಹಿಡಿಯುತ್ತಾರೆ.

ಇದಕ್ಕೆಂದೇ ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಸೆಕ್ಷನ್ ಲಿಂಕ್’ ಎಂಬ ಟೆಂಪ್ಲೇಟು, ಅಂದರೆ ಸಿದ್ಧ ಅಚ್ಚು, ಇದೆ. ಅದಕ್ಕೆ ಲೇಖನದ ಹೆಸರು, ವಿಭಾಗದ ಹೆಸರು ಎರಡನ್ನು ಕೊಟ್ಟರೆ ‘ಕುದುರೆಮುಖ § ಗಣಿಗಾರಿಕೆ’ ಎಂದು ಮೂಡುತ್ತದೆ. ಲೇಖನದ ಹೆಸರಿನ ಜಾಗ ಖಾಲಿ ಬಿಟ್ಟರೆ ಅದೇ ಪುಟದ ವಿಭಾಗಕ್ಕೆ ಕೊಂಡಿ. ಎರಡು ವಿಭಾಗ ಕೊಟ್ಟರೆ ಗುರುತು ‘§§’ ಆಗುತ್ತದೆ. ಸಾಲಿನ ಕೊನೆಯಲ್ಲಿ ಗುರುತೊಂದೇ ಒಂಟಿಯಾಗಿ ಉಳಿಯದಂತೆ ಅದರ ನಂತರ ಮುರಿಯದ ತೆರಪನ್ನೂ ಇಡುತ್ತದೆ.

ಟೆಂಪ್ಲೇಟಿನ ಹಿಂದೆ ದುಡಿಯುವುದು ಲುವಾ ಭಾಷೆಯ ಮಾಡ್ಯೂಲ್, ಅಂದರೆ ಸಣ್ಣ ಪ್ರೋಗ್ರಾಮ್. ಲುವಾ 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಪುಟ್ಟ ಪ್ರೋಗ್ರಾಮಿಂಗ್ ಭಾಷೆ. ಸ್ಕ್ರಿಬಂಟೊ ಎಂಬ ವಿಸ್ತರಣೆಯ ಮೂಲಕ 2013ರ ಮಾರ್ಚ್‌ನಲ್ಲಿ ಅದು ವಿಕಿಮೀಡಿಯ ತಾಣಗಳಿಗೆ ಬಂತು. ಅದಕ್ಕೂ ಮುಂಚೆ ಇಂಥ ತರ್ಕವನ್ನೆಲ್ಲ ಟೆಂಪ್ಲೇಟಿನಲ್ಲೇ, ಆವರಣದೊಳಗೆ ಆವರಣ ಹೆಣೆದು ಬರೆಯಬೇಕಿತ್ತು. ಬರೆದವರಿಗೇ ಆಮೇಲೆ ಅರ್ಥವಾಗದಷ್ಟು ಸಿಕ್ಕು.

ಕನ್ನಡಕ್ಕೆ ಬಂದಾಗ ಒಂದು ತೊಡಕು ಎದುರಾಗುತ್ತದೆ. ಕಣ್ಣಿಗೆ ‘ಸಂಸೆ’ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಸ, ಅನುಸ್ವಾರ, ಮತ್ತೆ ಸ, ಎತ್ವ ಸೇರಿ ನಾಲ್ಕು ಸಂಕೇತ. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ 12 ಬೈಟು. ಲುವಾದ ಮೂಲ ಕಾರ್ಯಗಳು (ಫಂಕ್ಷನ್‌ಗಳು) ಎಣಿಸುವುದು ಬೈಟನ್ನು. ಅವುಗಳಿಂದ ಪದ ಕತ್ತರಿಸಿದರೆ ಅಕ್ಷರ ಅರ್ಧಕ್ಕೇ ತುಂಡಾಗಬಹುದು. ಅದಕ್ಕಾಗಿ ಸ್ಕ್ರಿಬಂಟೊದಲ್ಲಿ ಯೂನಿಕೋಡ್ ತಿಳಿದ ಬೇರೆ ಕಾರ್ಯಗಳಿವೆ, ಆದರೆ ಅವೂ ನಾಲ್ಕು ಎನ್ನುತ್ತವೆಯೇ ಹೊರತು ಎರಡು ಎನ್ನುವುದಿಲ್ಲ. ವಿಭಾಗದ ವಿಳಾಸದಲ್ಲಿ ಹಿಂದೆ ಪ್ರತಿ ಬೈಟಿಗೂ ಒಂದು ಚುಕ್ಕೆ, ಎರಡು ಅಂಕಿ-ಅಕ್ಷರ ಬೀಳುತ್ತಿದ್ದವು. ‘ಸಂಸೆ’ ಒಂದಕ್ಕೇ 36 ಚಿಹ್ನೆ! ಈಗ ವಿಕಿಪೀಡಿಯದಲ್ಲಿ ವಿಭಾಗದ ಗುರುತು ಕನ್ನಡದಲ್ಲೇ ಇರುತ್ತದೆ.

ಮಾಡ್ಯೂಲ್ ಕೊಂಡಿಯ ರೂಪವನ್ನು ನೋಡಿಕೊಳ್ಳುತ್ತದೆ, ಅಷ್ಟೇ. ಆ ವಿಭಾಗ ನಿಜಕ್ಕೂ ಇದೆಯೇ ಎಂದು ಪರೀಕ್ಷಿಸುವುದಿಲ್ಲ. ಲೇಖನವೇ ಇಲ್ಲದಿದ್ದರೆ ಕೊಂಡಿ ಕೆಂಪಾಗುತ್ತದೆ. ವಿಭಾಗ ಇಲ್ಲದಿದ್ದರೆ ನೀಲಿಯಾಗಿಯೇ ಇದ್ದು ಓದುಗರನ್ನು ಪುಟದ ಮೇಲ್ತುದಿಯಲ್ಲಿ ಇಳಿಸುತ್ತದೆ. ವಿಭಾಗ ಇದ್ದರೂ ಕೊಂಡಿ ತಪ್ಪಬಹುದು. ಉದಾಹರಣೆಗೆ, ‘ಟೀ ಎಸ್ಟೇಟ್’ ಎಂಬ ಶೀರ್ಷಿಕೆಯ ಕೊನೆಯ ಅರ್ಧಾಕ್ಷರದ ನಂತರ ಕೆಲವು ತಂತ್ರಾಂಶಗಳು ಶೂನ್ಯ ಅಗಲದ ಸಂಕೇತವೊಂದನ್ನು ಸೇರಿಸುತ್ತವೆ. ಅದು ಕಣ್ಣಿಗೆ ಬೀಳದು, ಆದರೆ ಹೆಸರು ಬೇರೆಯಾಗಿ ಕೊಂಡಿ ತಪ್ಪುತ್ತದೆ. ಹಾಗಾಗಿ ಶೀರ್ಷಿಕೆಯನ್ನು ಟೈಪ್ ಮಾಡದೆ ನಕಲಿಸುವುದೇ ಕ್ಷೇಮ. ಒಂದೇ ಹೆಸರಿನ ಎರಡು ವಿಭಾಗಗಳಿದ್ದರೆ ಎರಡನೆಯದರ ಗುರುತಿಗೆ 2 ಸೇರಿಕೊಳ್ಳುತ್ತದೆ. ಶೀರ್ಷಿಕೆ ಬದಲಿಸುವವರು ಹಳೆಯ ಹೆಸರನ್ನು ‘ಆಂಕರ್’ ಟೆಂಪ್ಲೇಟಿನಲ್ಲಿ ಅಲ್ಲೇ ಉಳಿಸಿದರೆ ಹಿಂದಿನ ಕೊಂಡಿಗಳು ಕೆಡುವುದಿಲ್ಲ.